ನಾಲ್ಕನೇ ಕ್ಲಾಸಿಗೆ 'ಯಾವುದು ಮೊದಲು, ಯಾವುದು ಆಮೇಲೆ' ಅನ್ನೋದನ್ನ ಹೇಗೆ ಹೇಳ್ಕೊಡ್ತೀರಿ?

ಸೀಮೆಸುಣ್ಣ:
ಎಲ್ಲರಿಗೂ ನಮಸ್ಕಾರ. ಬೆಂಗಳೂರು ದಕ್ಷಿಣ, ಅನುದಾನಿತ ಶಾಲೆ, ನಾಲ್ಕನೇ ತರಗತಿ, ಕನ್ನಡ ಮಾಧ್ಯಮ, 38 ಮಕ್ಕಳು, 40 ನಿಮಿಷದ ಪೀರಿಯಡ್. ರಾಜ್ಯ ಸಿಲಬಸ್ಸಲ್ಲಿ ಐದರ ತನಕ ಇತಿಹಾಸ ಅಂತ ಬೇರೆ ವಿಷಯ ಇಲ್ಲ, ಪರಿಸರ ಅಧ್ಯಯನದ ಒಳಗೇ ಅಲ್ಲಲ್ಲಿ ಬರುತ್ತೆ. ಆರಕ್ಕೆ ಹೋದ ತಕ್ಷಣ ಸಮಾಜ ವಿಜ್ಞಾನ ಅಂತ ದಪ್ಪ ಪುಸ್ತಕ ಕೈಗೆ ಬರುತ್ತೆ.

ತೊಂದರೆ ಇಷ್ಟೇ. 'ಬೆಂಗಳೂರು ಕಟ್ಟಿದ್ದು ಯಾರು, ಯಾವಾಗ' ಅಂದ್ರೆ 38 ಜನವೂ ಒಂದೇ ಉಸಿರಲ್ಲಿ ಕೆಂಪೇಗೌಡರು, 1537 ಅಂತಾರೆ. ಅದೇ 'ಕೆಂಪೇಗೌಡರು, ಟಿಪ್ಪು, ಗಾಂಧೀಜಿ, ಇವರಲ್ಲಿ ಯಾರು ಮೊದಲು' ಅಂದ್ರೆ ಕ್ಲಾಸು ಮೂರು ಪಾಲು. ಹಳೇದು ಅಂದ್ರೆ ಎಲ್ಲವೂ ಒಂದೇ ದಿನ ನಡೆದದ್ದು ಅನ್ನೋ ಹಾಗೆ. ಕಾಲರೇಖೆಯ ಚಾರ್ಟು ಗೋಡೆ ಮೇಲಿದೆ, ಯಾರೂ ತಿರುಗಿ ನೋಡಲ್ಲ.

ಖರ್ಚು ಕಡಿಮೆ ಇರ್ಬೇಕು, ಎರಡು ಮೂರು ಪೀರಿಯಡ್ಡಲ್ಲಿ ಮುಗೀಬೇಕು. ಏನು ತರಬೇಕು, ಹೇಗೆ ಮಾಡ್ಬೇಕು ಅಂತ ಹೇಳಿ. 'ಆಸಕ್ತಿ ಮೂಡಿಸಿ' ಅನ್ನೋ ಉಪದೇಶ ತರಬೇತೀಲಿ ಬೇಕಾದಷ್ಟು ಸಿಕ್ಕಿದೆ.

ಯಲಹಂಕ_ನಾಡು:
ನಾಲ್ಕನೇ ಕ್ಲಾಸಿಗೆ ಇಸವಿ ಯಾಕ್ರೀ? ಕಥೆ ಹೇಳಿ, ಮಕ್ಕಳು ಖುಷಿಯಾಗಿ ಕೇಳ್ತಾರೆ.

ಮೀಟರ್_ಮೇಷ್ಟ್ರು:
ಮೇಡಂ, ಚಾರ್ಟಿನ ಕಾಲರೇಖೆ ಕೆಲಸ ಮಾಡದೆ ಇರೋದಕ್ಕೆ ಕಾರಣ ಇದೆ. ಅದರಲ್ಲಿ ಅಳತೆ ಇರಲ್ಲ. 1537 ಆದ ಮೇಲೆ ಎರಡು ಇಂಚಿಗೆ 1791, ಅಲ್ಲಿಂದ ಎರಡು ಇಂಚಿಗೆ 1947. ಮಗುವಿನ ಕಣ್ಣಿಗೆ ಎಲ್ಲವೂ ಸಮ ದೂರ. ಅಳತೆ ಸರಿ ಇರೋ ಉದ್ದನೆ ಪಟ್ಟಿ ಮಾಡಿ.

ಲೆಕ್ಕ: ಒಂದು ವರ್ಷಕ್ಕೆ ಒಂದು ಸೆಂಟಿಮೀಟರ್, ನೂರು ವರ್ಷಕ್ಕೆ ಒಂದು ಮೀಟರ್. 'ಇವತ್ತು' ಅನ್ನೋ ತುದಿಯಿಂದ ಹಿಂದಕ್ಕೆ ಅಳೀತಾ ಹೋಗಿ. 2025ರಿಂದ ಹಿಂದಕ್ಕೆ ಎಣಿಸಿದ್ರೆ ಹೀಗೆ ಬರುತ್ತೆ:

ಮೆಟ್ರೊ ಓಡಿದ್ದು, 2011: 14 ಸೆಂ.ಮೀ.
ಕರ್ನಾಟಕ ಅಂತ ಹೆಸರಿಟ್ಟಿದ್ದು, 1973: 52 ಸೆಂ.ಮೀ.
ಸ್ವಾತಂತ್ರ್ಯ, 1947: 78 ಸೆಂ.ಮೀ.
ಊರಿಗೆ ಕರೆಂಟ್ ದೀಪ, 1905: 1 ಮೀ. 20
ಕಂಟೋನ್ಮೆಂಟಿಗೆ ರೈಲು, 1864: 1 ಮೀ. 61
ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದದ್ದು, 1791: 2 ಮೀ. 34
ಕೆಂಪೇಗೌಡರ ಪೇಟೆ, 1537: 4 ಮೀ. 88
ಬೇಗೂರಿನ ಶಾಸನ, ಸುಮಾರು 890: 11 ಮೀ. 35
ಹೆಬ್ಬಾಳದ ಕಿತ್ತಯ್ಯನ ಕಲ್ಲು, ಸುಮಾರು 750: 12 ಮೀ. 75

13 ಮೀಟರ್ ಪಟ್ಟಿ ಇದ್ರೆ ಸಾಕು. ಮೊದಲು ಮಕ್ಕಳ ವಯಸ್ಸು ಗುರುತು ಹಾಕ್ಸಿ. ಒಂಬತ್ತು ವರ್ಷದ ಮಗುವಿನ ಇಡೀ ಆಯಸ್ಸು ಒಂಬತ್ತು ಸೆಂಟಿಮೀಟರು, ಅಂಗೈ ಅಗಲ. ಆಮೇಲೆ ಅಮ್ಮ, ಅಜ್ಜಿ. ಅಜ್ಜಿ ಎಷ್ಟೇ ಹಳಬರಾದ್ರೂ ಒಂದು ಮೀಟರ್ ದಾಟಲ್ಲ. ಈ ಹೆಜ್ಜೆ ಬಿಟ್ಟು ಸೀದಾ ಕೆಂಪೇಗೌಡರಿಗೆ ಹೋದ್ರೆ ಪಟ್ಟಿಯೂ ಇನ್ನೊಂದು ಚಾರ್ಟೇ ಆಗುತ್ತೆ.

ಎಡವೋದು ಎಲ್ಲಿ ಅಂದ್ರೆ:
ನೈಲಾನ್ ಹಗ್ಗ ತರಬೇಡಿ. ನಾಲ್ಕು ಮಕ್ಕಳು ಎಳೆದ್ರೆ ಹಿಗ್ಗುತ್ತೆ, ಅಳತೆ ಹಾಳು.
ಗಂಟು ಹಾಕಿ ಗುರುತು ಮಾಡಬೇಡಿ. ಒಂದೊಂದು ಗಂಟೂ ಎರಡು ಮೂರು ಸೆಂಟಿಮೀಟರ್ ನುಂಗುತ್ತೆ, ಅಂದ್ರೆ ಎರಡು ಮೂರು ವರ್ಷ. ಬಟ್ಟೆ ಕ್ಲಿಪ್ಪಲ್ಲಿ ಚೀಟಿ ಸಿಕ್ಕಿಸಿ.
ಕ್ಲಾಸ್‌ರೂಮಲ್ಲಿ ಮಾಡಬೇಡಿ. ಸಾಮಾನ್ಯ ಕೊಠಡಿ ಆರು ಮೀಟರ್ ಉದ್ದ ಇದ್ರೆ ಹೆಚ್ಚು. ಪಟ್ಟಿ ಮೂಲೆ ತಿರುಗಿದ ಕೂಡಲೇ ಮಕ್ಕಳಿಗೆ ದೂರ ಅನ್ನಿಸೋದು ನಿಂತು ಹೋಗುತ್ತೆ. ವರಾಂಡ ಅಥವಾ ಪ್ರಾರ್ಥನೆ ಮೈದಾನ ನೋಡ್ಕೊಳ್ಳಿ.

ಮಂಚದ ನವಾರ, ಅಂದ್ರೆ ಮಂಚಕ್ಕೆ ಹೆಣೆಯೋ ದಪ್ಪ ಬಟ್ಟೆ ಪಟ್ಟಿ, ಸಿಕ್ಕರೆ ಅದಕ್ಕಿಂತ ಒಳ್ಳೇದು ಇಲ್ಲ. ಹಿಗ್ಗಲ್ಲ, ಚಪ್ಪಟೆ ಇರುತ್ತೆ, ಮಾರ್ಕರಲ್ಲಿ ಬರೀಬಹುದು, ಸುತ್ತಿ ಬೀರುವಲ್ಲಿ ಇಟ್ರೆ ಮುಂದಿನ ವರ್ಷಕ್ಕೂ ಆಯ್ತು. 'ಇವತ್ತು' ತುದಿ ಕಡೆ ಮಾತ್ರ ಅರ್ಧ ಮೀಟರ್ ಹೆಚ್ಚಿಗೆ ಬಿಟ್ಟಿರಿ, ವರ್ಷಕ್ಕೊಂದು ಸೆಂಟಿಮೀಟರ್ ಮುಂದಕ್ಕೆ ಹೋಗ್ಬೇಕಲ್ಲ.

ನಗರ್ತಪೇಟೆ_ನಲ್ಲಿ:
ನವಾರ ಈಗ ಎಲ್ಲಿ ಸಿಗುತ್ತೆ ಸಾರ್, ಮಂಚಾನೇ ಇಲ್ಲ. ಅಂಗಡಿ ಬಿಲ್ ರೋಲ್ ತಗೊಳ್ಳಿ. ಅಗ್ಗ, ಬೇಕಾದಷ್ಟು ಉದ್ದ.

ಮೀಟರ್_ಮೇಷ್ಟ್ರು:
@ನಗರ್ತಪೇಟೆ_ನಲ್ಲಿ ಆಗುತ್ತೆ, ಆದ್ರೆ ಒಂದು ಎಚ್ಚರಿಕೆ. ಈಗಿನ ಬಿಲ್ ರೋಲು ಶಾಖಕ್ಕೆ ಕಪ್ಪಾಗೋ ಕಾಗದ. ಬಿಸಿಲು ಬೀಳೋ ಗೋಡೇಲಿ ಎರಡು ವಾರ ಬಿಟ್ರೆ ಬೂದಿ ಬಣ್ಣಕ್ಕೆ ತಿರುಗುತ್ತೆ. ಬಾಳಿಕೆ ಬರ್ಲಿ ಅಂತ ಲ್ಯಾಮಿನೇಷನ್‌ಗೆ ಕೊಟ್ರೆ ಮೆಷಿನ್ ಬಿಸಿಗೆ ಪೂರ್ತಿ ಕಪ್ಪು. ಒಂದು ದಿನದ ಚಟುವಟಿಕೆಗೆ ಪರವಾಗಿಲ್ಲ. ನವಾರ ಚಿಕ್ಕಪೇಟೆ ಸುತ್ತಮುತ್ತ ಟೇಪು, ದಾರ, ಗುಂಡಿ ಮಾರೋ ಸಗಟು ಅಂಗಡಿಗಳಲ್ಲಿ ಕೇಳಿ, ಬ್ಯಾಗಿನ ಪಟ್ಟಿ ಅಂದ್ರೂ ಕೊಡ್ತಾರೆ.

ಕಲ್ಲುಬರಹ:
ಮೇಷ್ಟ್ರ ಪಟ್ಟಿಯಲ್ಲಿ ಒಂದು ಮಜಾ ಇದೆ, ಮಕ್ಕಳೇ ಕಂಡುಹಿಡೀಲಿ ಅಂತ ಬಿಡಿ. ಬೇಗೂರು ಕಲ್ಲಿನಿಂದ ಕೆಂಪೇಗೌಡರಿಗೆ 6 ಮೀ. 47. ಕೆಂಪೇಗೌಡರಿಂದ ನಮಗೆ 4 ಮೀ. 88. ಅಂದ್ರೆ ಕೆಂಪೇಗೌಡರು ಆ ಕಲ್ಲಿಗಿಂತ ನಮಗೇ ಹತ್ತಿರ. ಆ ಕಲ್ಲಲ್ಲಿ 'ಬೆಂಗಳೂರ ಕಾಳಗ' ಅಂತಲೇ ಕೊರೆದಿದೆ. ಹಾಗಾದ್ರೆ 'ಬೆಂಗಳೂರು ಕಟ್ಟಿದವರು ಕೆಂಪೇಗೌಡರು' ಅನ್ನೋ ವಾಕ್ಯವನ್ನ ಏನು ಮಾಡೋಣ ಅಂತ ಕ್ಲಾಸಿಗೇ ಕೇಳಿ. 'ಊರು ಆಗ್ಲೇ ಇತ್ತು, ಇವರು ಕೋಟೆ, ಪೇಟೆ ಕಟ್ಟಿದರು' ಅಂತ ನಾಲ್ಕನೇ ಕ್ಲಾಸಿನವರು ತಾವಾಗೇ ಹೇಳಬಲ್ಲರು. ಪರೀಕ್ಷೆಗೆ ಬರೆಯೋ ಉತ್ತರಕ್ಕೂ ಇದರಿಂದ ಧಕ್ಕೆ ಇಲ್ಲ.

@ಯಲಹಂಕ_ನಾಡು ಕಥೆ ಬೇಡ ಅಂತ ಯಾರೂ ಹೇಳ್ತಿಲ್ಲ. ಇದು ಕಥೆ, ಇದು ಸಾಕ್ಷಿ ಅಂತ ಎರಡು ಡಬ್ಬ ಇಟ್ಕೊಳ್ಳಿ. ಬಲ್ಲಾಳ ರಾಯನಿಗೆ ಅಜ್ಜಿ ಬೆಂದ ಕಾಳು ಕೊಟ್ಟು, ಅದರಿಂದ ಊರಿಗೆ ಬೆಂದಕಾಳೂರು ಅಂತ ಹೆಸರು ಬಂದಿದ್ದು ಕಥೆ ಡಬ್ಬಕ್ಕೆ. ಇಮ್ಮಡಿ ವೀರಬಲ್ಲಾಳ ಆಳಿದ್ದು 1173ರಿಂದ 1220, ಕಲ್ಲು ಸುಮಾರು 890ರದ್ದು. ಕಳೆಯೋ ಲೆಕ್ಕ ಮಾಡಿದ್ರೆ ಹೆಸರು ಅಜ್ಜಿಗಿಂತ ಸುಮಾರು 280 ವರ್ಷ ಮೊದಲೇ ಇತ್ತು ಅಂತ ಮಕ್ಕಳಿಗೇ ಗೊತ್ತಾಗುತ್ತೆ.

ಯಲಹಂಕ_ನಾಡು:
ಅಜ್ಜಿ ಕಥೆ ಸುಳ್ಳು ಅಂತ ಎಂಟೊಂಬತ್ತು ವರ್ಷದ ಮಗೂಗೆ ಹೇಳಿ ಏನು ಸಾಧಿಸ್ತೀರಿ? ಕಥೆ ನೆನಪಿರೋ ಅಷ್ಟು ನಿಮ್ಮ ಕಲ್ಲು ನೆನಪಿರಲ್ಲ.

ಕಲ್ಲುಬರಹ:
ಸುಳ್ಳು ಅಂತ ಹೇಳ್ಬೇಡಿ. 'ಇದನ್ನ ಜನ ಹೇಳ್ಕೊಂಡು ಬಂದಿದಾರೆ. ಕಲ್ಲಲ್ಲಿ ಏನಿದೆ ನೋಡೋಣ' ಅಂತ ಹೇಳಿ. ಕಥೇನೂ ಉಳೀತು, ಲೆಕ್ಕಾನೂ ಆಯ್ತು.

ನಾಕ್ನೇ_ಕ್ಲಾಸ್_ಅಮ್ಮ:
ಕಥೆ ವಿಷಯ ಬಂದಿದ್ದಕ್ಕೆ ಕೇಳ್ತೀನಿ. ಕೋಟೆ ಬಾಗಿಲು ನಿಲ್ಲದೆ ಬೀಳ್ತಿತ್ತು, ಕೆಂಪೇಗೌಡರ ಸೊಸೆ ಲಕ್ಷ್ಮಮ್ಮ ಬಲಿ ಕೊಟ್ಕೊಂಡರು ಅನ್ನೋ ಕಥೇನ ಮೂರನೇ ಕ್ಲಾಸಲ್ಲೇ ಹೇಳ್ತಾರೆ. ಇದು ಬೇಕಾ ಆ ವಯಸ್ಸಿಗೆ? ಬಸುರಿ, ಕತ್ತಿ, ರಕ್ತ ಎಲ್ಲಾ ವರ್ಣನೆ ಬೇರೆ.

ಹಲಸೂರ್_ಗೇಟ್:
ಕೋರಮಂಗಲದಲ್ಲಿ ಆಯಮ್ಮನ ಸಮಾಧಿ ಇದೆ. ಊರಿಗೆ ಊರೇ ನಂಬಿರೋದನ್ನ ಮುಚ್ಚಿಡೋಕಾಗುತ್ತಾ?

ಟಿಸಿಎಚ್_ಹಳಬ:
ಮುಚ್ಚಿಡೋದು ಬೇರೆ, ಮುಂದಕ್ಕೆ ಹಾಕೋದು ಬೇರೆ. ಮೂರು, ನಾಲ್ಕಕ್ಕೆ ಬೇಡ. ಆರು, ಏಳಕ್ಕೆ ಹೇಳಿ. ಆಗ 'ಇಂಥ ಬಲಿಯ ಕಥೆ ಎಷ್ಟೋ ಕೆರೆ, ಕೋಟೆಗಳಿಗೆ ಇದೆ, ಯಾಕಿರಬಹುದು' ಅಂತ ಕೇಳೋಕೂ ಆಗುತ್ತೆ. ಚಿಕ್ಕ ಮಕ್ಕಳಿಗೆ ಹೇಳಿದ್ರೆ ಮನೇಲಿ ಬಾಗಿಲು ಕಿರ್ ಅಂದ್ರೂ ಹೆದರ್ತಾರೆ, ಬೆಳಗ್ಗೆ ಪೋಷಕರ ಫೋನು ಬರುತ್ತೆ. ಹೇಳಲೇಬೇಕು ಅಂದ್ರೆ ನಾಲ್ಕು ಎತ್ತು ನಾಲ್ಕು ದಿಕ್ಕಿಗೆ ಉತ್ತ ಕಥೆ ಹೇಳಿ. ದೊಡ್ಡಪೇಟೆ, ಚಿಕ್ಕಪೇಟೆ ಕೂಡೋ ಕಡೆಯಿಂದ ಹೊರಟು ಹಲಸೂರು, ಯಲಹಂಕ, ಆನೇಕಲ್, ಸೊಂಡೆಕೊಪ್ಪದ ಬಾಗಿಲುಗಳು. ಅದನ್ನ ಹಾಗೇ ನಕ್ಷೆಗೆ ಇಳಿಸಬಹುದು. ದೊಡ್ಡಪೇಟೆ ಅಂದ್ರೆ ಈಗಿನ ಅವೆನ್ಯೂ ರೋಡು ಅಂತ ತಿಳಿದ್ರೆ ಅರ್ಧ ಕ್ಲಾಸಿಗೆ ಕಣ್ಣರಳುತ್ತೆ, ಪುಸ್ತಕ ಕೊಳ್ಳೋಕೆ ಹೋಗಿರ್ತಾರಲ್ಲ.

ಪೇಟೆಹುಡ್ಗ:
ಹಾಗೇ ಕೆಂಪೇಗೌಡರು ಕಟ್ಟಿಸಿದ ನಾಲ್ಕು ಗಡಿ ಗೋಪುರಾನೂ ಸೇರಿಸಿ. ಲಾಲ್‌ಬಾಗು, ಹಲಸೂರು ಕೆರೆ, ಕೆಂಪಾಂಬುಧಿ, ಮೇಖ್ರಿ ಸರ್ಕಲ್.

ಕಲ್ಲುಬರಹ:
@ಪೇಟೆಹುಡ್ಗ ಗೋಪುರಗಳನ್ನ ಸಾಮಾನ್ಯವಾಗಿ ಇಮ್ಮಡಿ ಕೆಂಪೇಗೌಡರ ಹೆಸರಿಗೆ ಹೇಳೋದು, ಪೇಟೆ ಕಟ್ಟಿದ ಹಿರಿಯ ಕೆಂಪೇಗೌಡರಿಗಲ್ಲ. ಇಬ್ಬರನ್ನೂ ಒಂದೇ ಮಾಡಿದ್ರೆ ಮಕ್ಕಳ ಕಾಲರೇಖೇಲಿ ಒಬ್ಬರೇ ಸುಮಾರು ನೂರು ವರ್ಷ ಆಳ್ತಾರೆ.

ಪೇಟೆಹುಡ್ಗ:
ಲಾಲ್‌ಬಾಗಿನ ಬೋರ್ಡಲ್ಲಿ ಯಾವ ಕೆಂಪೇಗೌಡರು ಅಂತ ಹಾಕಿದಾರೆ, ಹೋದವರು ಹೇಳ್ರಪ್ಪ.

ಬಸವನಗುಡಿ_ಬೆಂಚು:
ಲಾಲ್‌ಬಾಗಿಗೆ ಕರ್ಕೊಂಡು ಹೋಗೋರು ಒಂದು ಗಮನಿಸಿ. ಗೋಪುರದ ಕೆಳಗಿನ ಬಂಡೆಗೆ ಭೂವಿಜ್ಞಾನ ಇಲಾಖೆಯವರು 300 ಕೋಟಿ ವರ್ಷ ಅಂತ ಫಲಕ ಹಾಕಿದಾರೆ. ಮಕ್ಕಳು ಅದನ್ನ ಓದಿ ಗೋಪುರಕ್ಕೂ 300 ಕೋಟಿ ವರ್ಷ ಅಂತ ಬರ್ಕೊಂಡು ಬರ್ತಾರೆ. ಮೊದಲೇ ಹೇಳ್ಬಿಡಿ.

ಮೀಟರ್_ಮೇಷ್ಟ್ರು:
ನಮ್ಮ ನವಾರದ ಲೆಕ್ಕದಲ್ಲಿ 300 ಕೋಟಿ ವರ್ಷ ಅಂದ್ರೆ 30,000 ಕಿಲೋಮೀಟರು. ಭೂಮಿಯ ಸುತ್ತಳತೆ ಸುಮಾರು 40,000. ಆಗಲ್ಲ ಬಿಡಿ 😄

ಪಾತ್ರೆ_ಪಗಡ:
ಕಾಲದ ಅಳತೆ ಆಯ್ತು. 'ಇದೆಲ್ಲ ಹೇಗೆ ಗೊತ್ತಾಯ್ತು' ಅನ್ನೋದು ಇನ್ನೊಂದು ಅರ್ಧ. ಮಕ್ಕಳಿಗೆ ಶಾಸನ ಅಂದ್ರೆ ಓದೋಕೆ ಬಾರದ ಕಲ್ಲು ಅಷ್ಟೇ. ಅದಕ್ಕೆ ಮೊದಲು ಹೆಸರು ಕೊರೆಸಿದ ಸ್ಟೀಲ್ ಪಾತ್ರೆ ಕೈಗೆ ಕೊಡಿ. ಮದುವೆ, ಗೃಹಪ್ರವೇಶಕ್ಕೆ ಉಡುಗೊರೆ ಬಂದ ಡಬರಿ, ತಟ್ಟೆ, ಚೊಂಬಿನ ಅಂಚಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದಿರುತ್ತಲ್ಲ, ಅದು.

ಆರು ಪಾತ್ರೆ ಬೇಕು, ಗುಂಪಿಗೊಂದು. ಮಕ್ಕಳಿಗೆ ತರೋಕೆ ಹೇಳ್ಬೇಡಿ, ಕಾರಣ ಆಮೇಲೆ. ಹಳೇ ಪಾತ್ರೆ ಅಂಗಡೀಲಿ ತೂಕದ ಲೆಕ್ಕಕ್ಕೆ ಸಿಗುತ್ತೆ. ಒಂದಾದ್ರೂ ಹಿತ್ತಾಳೆದು ಇರ್ಲಿ, ಒಂದು ಸವೆದು ಅರ್ಧ ಅಳಿಸಿ ಹೋಗಿರೋದು ಇರ್ಲಿ.

ಒಂದೊಂದು ಗುಂಪಿಗೂ ಒಂದು ಹಾಳೆ, ಆರು ಸಾಲು: ಯಾರು ಕೊಟ್ಟರು? ಯಾರಿಗೆ? ಏನನ್ನ? ಯಾವಾಗ? ಯಾಕೆ? ಈ ಪಾತ್ರೆ ಹೇಳದೇ ಇರೋದು ಏನು? ಹದಿನೈದು ನಿಮಿಷ. ಆರನೇ ಸಾಲೇ ಮುಖ್ಯ, ಅದನ್ನ ಬಿಟ್ಟುಬಿಡ್ತಾರೆ, ಒತ್ತಾಯ ಮಾಡಿ ಬರೆಸಿ.

ಜಗಳ ಶುರುವಾಗೋದು 'ಯಾವಾಗ' ಅನ್ನೋದ್ರಲ್ಲಿ. ಪಾತ್ರೆ ಮೇಲೆ 12-5-88 ಅಂತಷ್ಟೇ ಇರುತ್ತೆ. 1888 ಯಾಕಾಗಬಾರದು? ಉತ್ತರ ಬರಹದಲ್ಲಿಲ್ಲ, ಲೋಹದಲ್ಲಿದೆ. ತುಕ್ಕು ಹಿಡಿಯದ ಸ್ಟೀಲ್ ತಯಾರಾಗೋಕೆ ಶುರುವಾಗಿದ್ದೇ 1910ರ ದಶಕದಲ್ಲಿ. ಹಾಗಾಗಿ ಸ್ಟೀಲ್ ಚೊಂಬು 1888ರದ್ದಾಗೋಕೆ ಸಾಧ್ಯವಿಲ್ಲ. ಹಿತ್ತಾಳೆ ಚೊಂಬಿಗೆ ಈ ವಾದ ನಿಲ್ಲಲ್ಲ, ಅಲ್ಲಿ ಅಕ್ಷರದ ಆಕಾರ ನೋಡ್ಬೇಕು, ಮೆಷಿನ್ ಕೊರೆತವೋ ಕೈ ಕೊರೆತವೋ ನೋಡ್ಬೇಕು. ಶಾಸನ ಓದೋರು ಮಾಡೋದೂ ಇದನ್ನೇ: ಇಸವಿ ಇಲ್ಲದ ಕಲ್ಲಿಗೆ ಲಿಪಿ ನೋಡಿ ಕಾಲ ಅಂದಾಜು ಮಾಡ್ತಾರೆ.

ಎರಡನೇ ಪೀರಿಯಡ್ಡಿಗೆ ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಸ್ಥಾನದ 1669ರ ಶಾಸನದ ಫೋಟೊ, ಜೊತೆಗೆ ಅದರ ಸಾರಾಂಶ ನಾಲ್ಕು ಸಾಲಲ್ಲಿ. ಅದೇ ಹಾಳೆ, ಅದೇ ಆರು ಪ್ರಶ್ನೆ. ಕೊಟ್ಟವನು ಏಕೋಜಿ, ಶಿವಾಜಿಯ ಮಲಸೋದರ. ಕೊಟ್ಟಿದ್ದು ಮೇದರನಿಂಗನಹಳ್ಳಿ ಅನ್ನೋ ಹಳ್ಳಿ. ಮಲ್ಲಾಪುರದ ಮಲ್ಲಿಕಾರ್ಜುನ ದೇವರಿಗೆ. ಚೊಂಬಿನ ಜಾಗಕ್ಕೆ ಹಳ್ಳಿ ಬಂತು, ಅಷ್ಟೇ. ಆರನೇ ಪ್ರಶ್ನೆಗೆ 'ಹಳ್ಳಿಯವರನ್ನ ಕೇಳಿದ್ರಾ ಅಂತ ಬರೆದಿಲ್ಲ' ಅಂತ ಯಾರಾದ್ರೂ ಬರೆದ್ರೆ ಪೂರ್ತಿ ಅಂಕ ಕೊಟ್ಟುಬಿಡಿ.

ಸೀಮೆಸುಣ್ಣ:
@ಪಾತ್ರೆ_ಪಗಡ ಇದು ನಾಳೇನೇ ಮಾಡೋ ಹಾಗಿದೆ. ಮಕ್ಕಳಿಗೆ ತರೋಕೆ ಯಾಕೆ ಹೇಳ್ಬಾರದು? 'ಮನೆಯ ಹಳೆಯ ವಸ್ತು ತನ್ನಿ' ಅನ್ನೋದು ಎಲ್ಲಾ ತರಬೇತೀಲೂ ಹೇಳೋದೇ.

ಪಾತ್ರೆ_ಪಗಡ:
ರಾಯಚೂರು, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದು ತಗಡಿನ ಶೆಡ್ಡಲ್ಲಿರೋ ಮನೆ ಮಗು ಏನು ತರಬೇಕು? ಒಂದು ಮಗು ಅಜ್ಜಿಯ ಬೆಳ್ಳಿ ಕುಂಕುಮ ಭರಣಿ ತರುತ್ತೆ, ಇನ್ನೊಂದು ಬರಿಗೈಲಿ ಬಂದು ಮರೆತೆ ಅಂತ ಸುಳ್ಳು ಹೇಳುತ್ತೆ. ಅದೂ ಅಲ್ಲದೆ ಬೆಳ್ಳಿ ಭರಣಿ ಕಳೆದ್ರೆ ಎಚ್‌ಎಂ ಕೊಠಡೀಲಿ ನಿಲ್ಲೋರು ನೀವು.

ವಂಶವೃಕ್ಷದ ಚಟುವಟಿಕೆಗೂ ಇದೇ ಮಾತು. ಅಪ್ಪ ಜೊತೆಗಿಲ್ಲದ ಮಗು, ದತ್ತು ಮಗು, ಹಾಸ್ಟೆಲ್ ಮಗು, ಇವರೆಲ್ಲ ಖಾಲಿ ಕೊಂಬೆ ಬಿಟ್ಟು ಕೂತಿರ್ತಾರೆ. 'ನಿಮಗಿಂತ ದೊಡ್ಡವರು ಯಾರಾದ್ರೂ ಇಬ್ಬರು' ಅಂತ ಕೇಳಿ. ಪಕ್ಕದ ಮನೆಯವರು, ಬಿಸಿಯೂಟದ ಅಕ್ಕ, ಆಟೊ ಅಂಕಲ್, ಯಾರಾದ್ರೂ ಆಗ್ಲಿ.

ಟಿಸಿಎಚ್_ಹಳಬ:
ಇದಕ್ಕೆ ನನ್ನದೂ ಒಂದು ಸೇರಿಸ್ಕೊಳ್ಳಿ. ಪೇಟೆಗಳ ಪಾಠ: ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಯಾವ ಬೀದೀಲಿ ಏನು ಮಾರ್ತಿದ್ರು, ಏನು ಮಾಡ್ತಿದ್ರು ಅಂತ ನಕ್ಷೇಲಿ ಬಣ್ಣ ಹಚ್ಚೋದು ಚೆನ್ನಾಗಿದೆ. ಆದ್ರೆ ಉತ್ಸಾಹದಲ್ಲಿ 'ನಿಮ್ಮ ಮನೆಯವರು ಯಾವ ಪೇಟೆಯವರು, ನಿಮ್ಮ ಕುಲಕಸುಬು ಏನು' ಅಂತ ಕೇಳಿಬಿಡ್ತಾರೆ. ಅಲ್ಲಿಗೆ ಜಾತಿ ಕ್ಲಾಸಿನ ನಡುವೆ ಬಂದು ಕೂತ ಹಾಗೇ. ಕಸುಬನ್ನ ಬೀದಿಗೆ ಕೇಳಿ, ಮಗೂಗೆ ಕೇಳ್ಬೇಡಿ.

ಹಲಸೂರ್_ಗೇಟ್:
+1. ಇದು ತರಬೇತಿ ಕೈಪಿಡೀಲಿ ಇರ್ಬೇಕಿತ್ತು.

ನಾಕ್ನೇ_ಕ್ಲಾಸ್_ಅಮ್ಮ:
ದೊಡ್ಡವರನ್ನ ಕೇಳಿ ಬನ್ನಿ ಅಂದ್ರೆ 'ಮೊದಲು ಜೀವನ ಹೇಗಿತ್ತು' ಅಂತ ಕೇಳ್ತಾರೆ, ಅವರು 'ಮೊದಲೆಲ್ಲ ಚೆನ್ನಾಗಿತ್ತು ಕಣೋ' ಅಂತಾರೆ. ಮುಗೀತು. ಅದನ್ನೇ 40 ಸಲ ಬರ್ಕೊಂಡು ಬರ್ತಾರೆ.

ನಲ್ಲಿನೀರು:
ಅದಕ್ಕೇ ಪ್ರಶ್ನೆ ಚಿಕ್ಕದಿರಬೇಕು, ವಸ್ತುವಿನ ಮೇಲಿರಬೇಕು. 'ನಿಮ್ಮ ಮನೆಗೆ ನಲ್ಲಿ ಯಾವಾಗ ಬಂತು? ಅದಕ್ಕೆ ಮೊದಲು ನೀರು ಎಲ್ಲಿಂದ? ಯಾರು ಹೊರ್ತಿದ್ರು? ದಿನಕ್ಕೆ ಎಷ್ಟು ಕೊಡ?' ನಾಲ್ಕೇ ಪ್ರಶ್ನೆ. ಮೂರನೇ ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲಾ ಕಡೆ ಒಂದೇ ಉತ್ತರ ಬರುತ್ತೆ, ಹೆಂಗಸರು ಮತ್ತು ಹೆಣ್ಣುಮಕ್ಕಳು. ಅದನ್ನ ಬೋರ್ಡ್ ಮೇಲೆ ಬರೆದು ಸುಮ್ಮನೆ ನಿಲ್ಲಿ, ಮಾತು ಮಕ್ಕಳೇ ಶುರು ಮಾಡ್ತಾರೆ.

ಅದರ ಪಕ್ಕದಲ್ಲೇ ಊರಿನ ನೀರಿನ ಕಥೆ ಇಡಿ. ಮೊದಲು ಊರೊಳಗಿನ ಕೆರೆ, ಬಾವಿ. 1896ರಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು. 1933ರಲ್ಲಿ ತಿಪ್ಪಗೊಂಡನಹಳ್ಳಿ. 1974ರಲ್ಲಿ ಕಾವೇರಿ, ಸುಮಾರು 100 ಕಿ.ಮೀ. ದೂರದಿಂದ, ಅದೂ ಎತ್ತರಕ್ಕೆ ಪಂಪ್ ಮಾಡಿ. ನಾಲ್ಕು ಚುಕ್ಕಿ, ನಾಲ್ಕು ಗೆರೆ, ಒಂದು ನಕ್ಷೆ. ಊರು ಬೆಳೆದ ಹಾಗೆ ಗೆರೆ ಉದ್ದ ಆಗ್ತಾ ಹೋಗುತ್ತೆ. ಇಲ್ಲಿ ಒಬ್ಬ ರಾಜನ ಹೆಸರೂ ಬೇಕಿಲ್ಲ, ಆದ್ರೂ ಇದು ಇತಿಹಾಸವೇ.

ಪೇಟೆಹುಡ್ಗ:
ಧರ್ಮಾಂಬುಧಿ ಕೆರೆ ಈಗ ಮೆಜೆಸ್ಟಿಕ್ ಬಸ್ ಸ್ಟ್ಯಾಂಡು. ಮಳೆ ಬಂದಾಗ ತನ್ನ ಜಾಗ ತಾನೇ ಹುಡುಕ್ಕೊಂಡು ಬರುತ್ತೆ.

ಬಸವನಗುಡಿ_ಬೆಂಚು:
ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯ್ತು. ಕರಗಕ್ಕೂ ಆ ಕೆರೆಗೂ ನಂಟಿದೆ, ಉಳಿದಿರೋ ಚೂರು ಕಲ್ಯಾಣಿಗೆ ಈಗ್ಲೂ ಬರ್ತಾರೆ. ಹಾಗೇ ಬಸವನಗುಡಿ, ಮಲ್ಲೇಶ್ವರ ಬಡಾವಣೆ ಯಾಕೆ ಅಷ್ಟು ಅಗಲ ರಸ್ತೆ ಇಟ್ಟು ಮಾಡಿದ್ರು ಅಂತ ಕೇಳಿ. 1898ರ ಪ್ಲೇಗು. ಪೇಟೆಯ ಇಕ್ಕಟ್ಟಿಂದ ಜನರನ್ನ ಹೊರಗೆ ಕರ್ಕೊಂಡು ಬರ್ಬೇಕಿತ್ತು. ಕೋವಿಡ್ ಬಗ್ಗೆ ಮನೇಲಿ ಕೇಳಿರೋ ಮಕ್ಕಳಿಗೆ ಇದು ತಟ್ಟನೆ ಹತ್ತುತ್ತೆ.

ಗಾಂಧಿಬಜಾರ್_ಗಿರಾಕಿ:
ಬಸವನಗುಡಿ ಅಂದ್ರಲ್ಲ, ಅಲ್ಲಿ ಈಗ ಪಾರ್ಕಿಂಗ್ ಎಲ್ಲಿ ಮಾಡ್ತೀರಿ ಸ್ವಾಮಿ?

ನಿರ್ವಾಹಕ:
ಪಾರ್ಕಿಂಗಿಗೆ ಬೇರೆ ಎಳೆ ಇದೆ. ವಿಷಯಕ್ಕೆ ಬನ್ನಿ.

ಕೋಟೆಬಾಗ್ಲು:
ನವೆಂಬರ್ 1ಕ್ಕೆ, ಪ್ರತಿಭಾ ಕಾರಂಜಿಗೆ ಛದ್ಮವೇಷ ಹಾಕಿಸೋದ್ರ ಬಗ್ಗೆ ಏನಂತೀರಿ? ಕಿತ್ತೂರು ಚೆನ್ನಮ್ಮ, ಓಬವ್ವ, ರಾಯಣ್ಣ, ಎಲ್ಲರಿಗೂ ಒಂದೇ ರಟ್ಟಿನ ಕತ್ತಿ, ಒಂದೇ ಮಿಂಚಿನ ಕಿರೀಟ. ಓಬವ್ವನ ಕೈಲೂ ಕತ್ತಿ ನೋಡಿದ್ದಾಗಿದೆ!

ಟಿಸಿಎಚ್_ಹಳಬ:
ಒನಕೆ ತರೋದು ಕಷ್ಟ ಅಂತ ಪೋಷಕರು ಬಾಡಿಗೆ ಅಂಗಡಿಯ ಕತ್ತಿ ಕೊಟ್ಟು ಕಳಿಸ್ತಾರೆ. ವೇಷ ಹಾಕಿಸಿ, ಬೇಡ ಅನ್ನಲ್ಲ. ಜೊತೆಗೆ ಒಂದು ಚೀಟಿ: ಎಲ್ಲಿ, ಯಾವಾಗ, ಯಾರ ವಿರುದ್ಧ. ಓಬವ್ವ: ಚಿತ್ರದುರ್ಗ, 18ನೇ ಶತಮಾನ, ಹೈದರಾಲಿಯ ಪಡೆ. ಚೆನ್ನಮ್ಮ: ಕಿತ್ತೂರು, 1824, ಈಸ್ಟ್ ಇಂಡಿಯಾ ಕಂಪನಿ. ರಾಯಣ್ಣನನ್ನ ಗಲ್ಲಿಗೇರಿಸಿದ್ದು 1831, ನಂದಗಡ. ವೇಷ ಹಾಕಿದ ಮಕ್ಕಳನ್ನೇ ನವಾರದ ಮೇಲೆ ಅವರವರ ಜಾಗದಲ್ಲಿ ನಿಲ್ಲಿಸಿದ್ರೆ ಯಾರು ಯಾರಿಗೆ ಹತ್ತಿರ ಅಂತ ಕಾಣುತ್ತೆ. ಚೆನ್ನಮ್ಮ, ರಾಯಣ್ಣ ಭುಜಕ್ಕೆ ಭುಜ ತಾಗಿಸಿ ನಿಲ್ತಾರೆ, ಕೆಂಪೇಗೌಡರು ಮೂರು ಮೀಟರ್ ಆಚೆ.

ಅಂದ ಹಾಗೆ ನಾಲ್ಕನೇ ಕ್ಲಾಸಿಗೆ '18ನೇ ಶತಮಾನ' ಅಂತ ಹೇಳೋಕೇ ಹೋಗ್ಬೇಡಿ. 1779 ಅಂದ್ರೆ 17 ಅಂತ ಶುರುವಾಗುತ್ತೆ, ಮತ್ತೆ 18ನೇದು ಹೇಗೆ ಅಂತ ತಲೆ ಕೆಡುತ್ತೆ. ಐದರ ಕೊನೇಲಿ, ಪಟ್ಟಿಯ ಮೀಟರುಗಳನ್ನ ಮಕ್ಕಳೇ ಎಣಿಸಿದ ಮೇಲೆ ಸಾಕು. ಕ್ರಿಸ್ತಪೂರ್ವ ಇನ್ನೂ ಆಮೇಲೆ. ಸಂಖ್ಯೆ ದೊಡ್ಡದಾದ ಹಾಗೆ ಹಿಂದಕ್ಕೆ ಹೋಗುತ್ತೆ ಅನ್ನೋದು ಋಣ ಸಂಖ್ಯೆ ಗೊತ್ತಿಲ್ಲದ ಮಗೂಗೆ ಬರೀ ಮಂತ್ರ.

ಕೋಟೆಬಾಗ್ಲು:
ವೇಷದ ಜೊತೆ ಮುಖದ ಸಮಸ್ಯೇನೂ ಇದೆ. ಏರ್‌ಪೋರ್ಟಿನ 108 ಅಡಿ ಪ್ರತಿಮೆ ನೋಡಿ ಕೆಂಪೇಗೌಡರು ಹಾಗೇ ಇದ್ರು ಅಂತ ಮಕ್ಕಳು ತಿಳ್ಕೊಳ್ತಾರೆ. ಪ್ರತಿಮೆ ಅನಾವರಣ ಆಗಿದ್ದು ನವೆಂಬರ್ 2022ರಲ್ಲಿ. ಪಟ್ಟಿ ಮೇಲೆ ಪ್ರತಿಮೆಗೆ ಒಂದು ಕ್ಲಿಪ್ಪು, ಕೆಂಪೇಗೌಡರಿಗೆ ಒಂದು ಕ್ಲಿಪ್ಪು, ಎರಡು ಬೇರೆ ಬೇರೆ. ಈಗ ಕಂಪ್ಯೂಟರ್ ಬರೆದ ಚಿತ್ರಗಳು ಬೇರೆ ಯೂಟ್ಯೂಬ್ ತುಂಬಾ. ಕೆಂಪೇಗೌಡರ ಆಸ್ಥಾನದಲ್ಲಿ ಗಾಜಿನ ಕಿಟಕಿ, ಮೇಜು ಕುರ್ಚಿ! 'ಈ ಚಿತ್ರದಲ್ಲಿ ಇರಬಾರದ್ದು ಏನಿದೆ' ಅಂತ ಹುಡುಕಿಸಿ, ಒಳ್ಳೇ ಆಟ.

ಒಂಟಿಸಲಗ_77:
ಮೊದಲು ಟಿಪ್ಪು ಪಾಠ ಇರ್ಬೇಕೋ ಬೇಡ್ವೋ ಅದನ್ನ ತೀರ್ಮಾನ ಮಾಡಿ. ಆಮೇಲೆ ನವಾರ, ಚೊಂಬು.

ನಿರ್ವಾಹಕ:
ಅದಕ್ಕೆ ಬಂದ ಏಳು ಉತ್ತರ ಅಳಿಸಿದ್ದೇನೆ. ಕ್ಲಾಸಲ್ಲಿ ಹೇಗೆ ಹೇಳ್ಕೊಡೋದು ಅನ್ನೋದಿದ್ರೆ ಬರೀರಿ, ಇಲ್ಲಾಂದ್ರೆ ಬೇಡ.

ಕಲ್ಲುಬರಹ:
ಹೇಳ್ಕೊಡೋದರ ಬಗ್ಗೆಯೇ ಬರೀತೀನಿ. ಕೆ.ಆರ್. ಮಾರ್ಕೆಟ್ ಹತ್ತಿರ ಕೋಟೆಯ ಡೆಲ್ಲಿ ಗೇಟ್ ಉಳಿದಿದೆ. 1761ರಲ್ಲಿ ಹೈದರಾಲಿ ಮಣ್ಣಿನ ಕೋಟೆಯನ್ನ ಕಲ್ಲಲ್ಲಿ ಕಟ್ಟಿಸಿದ. ಗೋಡೆ ಮೇಲೆ ಒಂದು ಫಲಕ ಇದೆ: 1791ರ ಮಾರ್ಚ್ 21ರಂದು ಬ್ರಿಟಿಷರು ಇಲ್ಲಿಂದ ಒಡೆದು ನುಗ್ಗಿದರು ಅಂತ. ಮಕ್ಕಳಿಗೆ ಕೇಳಿ, ಈ ಫಲಕ ಯಾರು ಹಾಕಿರಬಹುದು? ಗೆದ್ದೋರಾ, ಸೋತೋರಾ? ಯಾವ ಭಾಷೇಲಿದೆ? ಒಳಗಿದ್ದ ಟಿಪ್ಪು ಕಡೆಯವರು ಫಲಕ ಹಾಕಿದ್ರೆ ಏನು ಬರೀತಿದ್ರು? ಎರಡು ಸಾಲಲ್ಲಿ ಆ ಇನ್ನೊಂದು ಫಲಕ ಬರೆಸಿ. ಒಳ್ಳೆಯವನೋ ಕೆಟ್ಟವನೋ ಅಂತ ಕೈ ಎತ್ತಿಸೋದಕ್ಕಿಂತ ಇದು ಒಂಬತ್ತು ವರ್ಷದ ಮಗುವಿಗೆ ಆಗೋ ಕೆಲಸ. ಮನೆಗೆ ಹೋಗಿ ಹೇಳಿದ್ರೂ ಯಾರೂ ಜಗಳಕ್ಕೆ ಬರಲ್ಲ.

ಸೀಮೆಸುಣ್ಣ:
ಕೋಟೆ ಮತ್ತು ಟಿಪ್ಪು ಬೇಸಿಗೆ ಅರಮನೆ ಒಂದೇ ದಿನಕ್ಕೆ ಆಗುತ್ತಾ?

ಕೋಟೆಬಾಗ್ಲು:
ಆಗುತ್ತೆ, ನಡೆಯೋ ದೂರ. ಆದ್ರೆ ಮಾರ್ಕೆಟ್ ರಸ್ತೆ ದಾಟಿಸೋದೇ ದೊಡ್ಡ ಕೆಲಸ. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು ಬೇಕೇ ಬೇಕು. ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆ ಹಿಂದಿನ ದಿನಗಳಲ್ಲಿ ಹೂವಿನ ಜನಜಂಗುಳಿ, ಹೋಗ್ಲೇಬೇಡಿ. ಅರಮನೆ ಪುರಾತತ್ವ ಸರ್ವೇಕ್ಷಣೆಯದ್ದು, 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಶಾಲೆಯ ಲೆಟರ್‌ಹೆಡ್ಡಲ್ಲಿ ಪಟ್ಟಿ ಇಟ್ಕೊಂಡು ಹೋದ್ರೆ ಬಾಗಿಲಲ್ಲಿ ತಡ ಆಗಲ್ಲ. ಮಕ್ಕಳಿಗೆ ಒಳಗೆ ಮೂರೇ ಕೆಲಸ ಕೊಡಿ: ತೇಗದ ಕಂಬ ಎಣಿಸು, ಒಂದು ಕಮಾನು ಬರಿ, ಬಣ್ಣ ಉಳಿದಿರೋ ಜಾಗ ಹುಡುಕು. ಹತ್ತು ಪ್ರಶ್ನೆಯ ಹಾಳೆ ಕೊಟ್ರೆ ತಲೆ ಎತ್ತಿ ನೋಡೋದೇ ಇಲ್ಲ, ಬೋರ್ಡ್ ನಕಲು ಮಾಡ್ತಾರೆ.

ನಗರ್ತಪೇಟೆ_ನಲ್ಲಿ:
ಬೇಗೂರು ಕಲ್ಲು ಕಸ್ತೂರಬಾ ರಸ್ತೆ ಮ್ಯೂಸಿಯಂನಲ್ಲಿದೆ ಅಲ್ವಾ? ಬೇಗೂರಿಗೆ ಯಾಕೆ ಹೋಗ್ಬೇಕು?

ಕಲ್ಲುಬರಹ:
ಅದು ಬೇರೆ ಕಲ್ಲು. ಮ್ಯೂಸಿಯಂನಲ್ಲಿರೋದೂ ಬೇಗೂರಿನದ್ದೇ, ನಾಗತ್ತರನ ವೀರಗಲ್ಲು. ಯುದ್ಧದ ದೃಶ್ಯ ಕಿಕ್ಕಿರಿದು ಕೆತ್ತಿರೋದು, ಮಕ್ಕಳಿಗೆ ನೋಡೋಕೆ ಅದೇ ಚೆಂದ. 'ಬೆಂಗಳೂರ ಕಾಳಗ' ಇರೋದು ಬೇಗೂರಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲೇ.

ಎಲ್ಲಾ ವೀರಗಲ್ಲಿಗೂ ಒಂದು ಸೂಚನೆ. ಸಾಮಾನ್ಯವಾಗಿ ಮೂರು ಅಂತಸ್ತು ಇರುತ್ತೆ. ಕೆಳಗಿನಿಂದ ಮೇಲಕ್ಕೆ ಓದ್ಬೇಕು: ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನ ಮೇಲಕ್ಕೆ ಕರ್ಕೊಂಡು ಹೋಗೋದು, ಮೇಲೆ ಲಿಂಗದ ಮುಂದೆ ಕೂತಿರೋದು. ತುದೀಲಿ ಸೂರ್ಯ, ಚಂದ್ರ. ಮಕ್ಕಳು ಪುಸ್ತಕದ ಅಭ್ಯಾಸಕ್ಕೆ ಮೇಲಿಂದ ಶುರು ಮಾಡ್ತಾರೆ, ಕಥೆ ಉಲ್ಟಾ ಆಗುತ್ತೆ. ಮೂರು ಚೂರು ಫೋಟೊ ಕತ್ತರಿಸಿ ಕೊಟ್ಟು ಜೋಡಿಸೋಕೆ ಹೇಳಿ. ಎಲ್ಲವೂ ರಾಜರ ಯುದ್ಧ ಅಲ್ಲ. ದನ ಕಾಯೋಕೆ ಹೋಗಿ ಸತ್ತೋರು, ಹುಲಿ, ಹಂದಿ ಜೊತೆ ಹೋರಾಡಿ ಸತ್ತೋರು ಕಲ್ಲಲ್ಲಿದಾರೆ.

ಹಲಸೂರ್_ಗೇಟ್:
ಮಕ್ಕಳ ಕೈಲಿ ಕಲ್ಲಿನ ಅಚ್ಚು ತೆಗೆಸಬಹುದಾ? ಪೇಪರ್ ಇಟ್ಟು ಪೆನ್ಸಿಲ್ ಉಜ್ಜೋದು?

ಕಲ್ಲುಬರಹ:
ಬೇಡ. ಹಳೇ ಕಲ್ಲಿನ ಮೇಲೆ ಪೆನ್ಸಿಲ್, ಸೀಮೆಸುಣ್ಣ, ಹಿಟ್ಟು, ಎಣ್ಣೆ ಯಾವುದೂ ಬೇಡ. ಅಕ್ಷರ ಎದ್ದು ಕಾಣ್ಲಿ ಅಂತ ಸುಣ್ಣ ತುಂಬಿ, ತಂತಿ ಬ್ರಷ್ಷಲ್ಲಿ ಉಜ್ಜಿ ಕಲ್ಲು ಹಾಳು ಮಾಡಿದ್ದು ಸಾಕಷ್ಟಾಗಿದೆ. ಉಜ್ಜೋ ಆಟಕ್ಕೆ ನಾಣ್ಯ ಇದೆ. ತೆಳು ಕಾಗದ, 4ಬಿ ಪೆನ್ಸಿಲ್ ಮಲಗಿಸಿ ಉಜ್ಜಿದ್ರೆ ಇಸವಿ ಮೂಡುತ್ತೆ. ಇಸವಿ ಕೆಳಗೆ ಗುರುತೂ ಸಿಗುತ್ತೆ: ವಜ್ರದಾಕಾರ ಇದ್ರೆ ಮುಂಬೈ ಟಂಕಸಾಲೆ, ನಕ್ಷತ್ರ ಹೈದರಾಬಾದ್, ಚುಕ್ಕಿ ನೋಯ್ಡಾ, ಏನೂ ಇಲ್ಲದಿದ್ರೆ ಕೋಲ್ಕತ್ತ. ಇಷ್ಟು ಚಿಕ್ಕ ವಸ್ತುವಲ್ಲಿ ಯಾವಾಗ, ಎಲ್ಲಿ ಎರಡೂ ಇದೆ.

ಕಲ್ಲಿಗೆ ಟಾರ್ಚ್ ಸಾಕು. ಎದುರಿಂದ ಬಿಟ್ರೆ ಏನೂ ಕಾಣಲ್ಲ. ಕಲ್ಲಿನ ಪಕ್ಕಕ್ಕೆ ಹಿಡಿದು, ಮೈಗೆ ಸವರೋ ಹಾಗೆ ಓರೆಯಾಗಿ ಬಿಡಿ. ಕೊರೆದ ಗೆರೆಗೆ ನೆರಳು ಬೀಳುತ್ತೆ, ಅಕ್ಷರ ತಾನಾಗೇ ಏಳುತ್ತೆ. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನ 3ಡಿ ಸ್ಕ್ಯಾನ್ ಮಾಡಿ ಚಿತ್ರಗಳನ್ನ ಎಲ್ಲರಿಗೂ ಸಿಗೋ ಹಾಗೆ ಹಾಕಿದಾರೆ, ಹೋಗೋಕಾಗದ ಶಾಲೆಗೆ ಅವೇ ಸಾಕು.

ನಾಕ್ನೇ_ಕ್ಲಾಸ್_ಅಮ್ಮ:
ಇಷ್ಟೆಲ್ಲ ಮಾಡಿ ಕೊನೆಗೆ ಪರೀಕ್ಷೇಲಿ 'ಬೆಂಗಳೂರಿನ ನಿರ್ಮಾತೃ ಯಾರು' ಅಂತ ಒಂದು ಅಂಕ. ನಮ್ಮಂಥ ಪೋಷಕರು ಕೇಳೋದು ಅಂಕ ಎಷ್ಟು ಬಂತು ಅಂತ ತಾನೇ.

ಟಿಸಿಎಚ್_ಹಳಬ:
ಆ ಒಂದು ಅಂಕ ಇರ್ಲಿ ಬಿಡಿ ತಾಯಿ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯ ಅಂಕ ಶಿಕ್ಷಕರ ಕೈಲೇ ಇದೆ. ಅಲ್ಲಿ ಹೀಗೆ ಕೇಳಬಹುದು: ನಾಲ್ಕು ಚಿತ್ರ (ಮೆಟ್ರೊ, ಕುದುರೆ ಜಟಕಾ, ವೀರಗಲ್ಲು, ಉಗಿ ರೈಲು) ಕ್ರಮವಾಗಿ ಜೋಡಿಸು, 2 ಅಂಕ. ಯಾಕೆ ಹಾಗೆ ಜೋಡಿಸಿದೆ, 3 ಅಂಕ. ಜಟಕಾ ಮತ್ತು ಉಗಿ ರೈಲು ಒಂದೇ ಕಾಲದಲ್ಲೂ ಓಡಿವೆ, ಅದನ್ನ ಹಿಡಿದು ವಾದ ಮಾಡೋ ಮಗೂಗೆ ಅಂಕ ಕಳೀಬೇಡಿ. ಕಾರಣ ಬರೆದಿದ್ರೆ ಕ್ರಮ ತಪ್ಪಿದ್ರೂ ಮೂರಕ್ಕೆ ಎರಡು ಕೊಡಿ.

ಸಂವತ್ಸರ:
ಐದನೇ ಕ್ಲಾಸಿನವರಿಗೆ ಒಂದು ಕೊಸರು. ಶಾಸನದಲ್ಲಿ ಬರೋದು ಶಕ ವರ್ಷ. 78 ಕೂಡಿಸಿದ್ರೆ ಇಸವಿ. ಶಕ 1591 ಅಂದ್ರೆ 1669. ಕ್ಯಾಲೆಂಡರಲ್ಲಿ ಸಂವತ್ಸರದ ಹೆಸರೂ ಇರುತ್ತೆ, 60 ವರ್ಷಕ್ಕೆ ಒಂದು ಸುತ್ತು. 2025ರ ಯುಗಾದಿಯಿಂದ ವಿಶ್ವಾವಸು, ಅದೇ ಹೆಸರು 1965ರಲ್ಲೂ ಬಂದಿತ್ತು. ಬರೀ ಸಂವತ್ಸರ ಕೊಟ್ರೆ ಯಾವ ಸುತ್ತು ಅಂತ ಗೊತ್ತಾಗಲ್ಲ, ಪಾತ್ರೆ ಮೇಲಿನ '88'ರ ಕಥೇನೇ.

ಸೀಮೆಸುಣ್ಣ:
ಪಾತ್ರೆ ಈ ವಾರ, ನವಾರ ಮುಂದಿನ ವಾರ ಅಂತ ಇಟ್ಕೊಂಡಿದೀನಿ. ಬೇಗೂರಿಗೆ ಶನಿವಾರ ಬೆಳಗಿನ ಶಾಲೆ ಇರೋ ದಿನ ಹೋದ್ರೆ ಸರಿ ಹೋಗುತ್ತಾ?

ಕಲ್ಲುಬರಹ:
ಎಂಟು ಎಂಟೂವರೆ ಒಳಗೆ ತಲುಪಿದ್ರೆ ಓರೆ ಬಿಸಿಲು ಇರುತ್ತೆ, ಹನ್ನೆರಡಕ್ಕೆ ಹೋದ್ರೆ ಬರೀ ಕಲ್ಲು. ಮಂಜುಮೋಡ ಇದ್ರೆ ಅಂತ ಎರಡು ಟಾರ್ಚ್ ಇಟ್ಕೊಳ್ಳಿ. ಶಿವನ ದೇವಸ್ಥಾನ, ಹಾಗಾಗಿ ಕಾರ್ತಿಕ ಸೋಮವಾರ, ಶಿವರಾತ್ರಿ ಆಸುಪಾಸು ಬೇಡ. ಅರ್ಚಕರಿಗೆ ಹಿಂದಿನ ದಿನವೇ ಒಂದು ಮಾತು ಹೇಳಿರಿ. 38 ಮಕ್ಕಳನ್ನ ಒಟ್ಟಿಗೆ ಕಲ್ಲಿನ ಮುಂದೆ ನಿಲ್ಲಿಸಿದ್ರೆ ಹಿಂದಿನವರಿಗೆ ಮುಂದಿನವರ ಬೆನ್ನೇ ಕಾಣೋದು. ಹತ್ತತ್ತು ಜನ ಕಳಿಸಿ, ಉಳಿದವರು ಅಷ್ಟೊತ್ತು ದೇವಸ್ಥಾನದ ಕಂಬ ಬರೀಲಿ.